ಆರರಲ್ಲಿ ಒಂದು ದನಿ ಹೋಗಿದ್ದ ಜುನೋ-106, ನಾನು ರಿಪೇರಿ ಮಾಡ್ಕೊಂಡ ರೀತಿ

ಹಳೇ ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಆಗಿ ಶಬ್ದ ಹುಟ್ಟಿಸೋ ಕೀಬೋರ್ಡ್ ವಾದ್ಯ, ಮನೆಗೆ ತಂದವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗೋ ಪ್ರಶ್ನೆ, ಇದನ್ನ ಬಿಚ್ಚೋದಾ ಬೇಡ್ವಾ ಅಂತ. ನಾನು ಎರಡು ತಿಂಗಳು ಬಿಚ್ಚದೇ ಇಟ್ಟಿದ್ದೆ. ನನ್ನದು ರೋಲ್ಯಾಂಡ್ ಜುನೋ-106, 1984ರಲ್ಲಿ ಬಂದ ಮಾಡೆಲ್, 61 ಕೀ, ಆರು ವಾಯ್ಸ್ ಅಥವಾ ದನಿ, ಅಂದ್ರೆ ಒಟ್ಟಿಗೆ ಆರು ಸ್ವರ ಹಿಡೀಬಹುದು. ಮಾರಿದವರು ಎಲ್ಲಾ ಸರಿಯಿದೆ ಅಂದಿದ್ರು, ಸುಳ್ಳು ಹೇಳಿದ್ರು ಅಂತ ನಂಗೆ ಅನ್ಸಲ್ಲ, ಯಾಕಂದ್ರೆ ಈ ರೋಗ ಸುಮ್ನೆ ನಾಲ್ಕು ಕೀ ಒತ್ತಿ ನೋಡಿದ್ರೆ ಗೊತ್ತಾಗಲ್ಲ. ಒಂದೇ ಕೀನ ನಿಧಾನಕ್ಕೆ ಆರು ಸಲ ಒತ್ತಿ, ಐದು ಸಲ ತುಂಬಿ ಬರುತ್ತೆ, ಒಂದು ಸಲ ಖಾಲಿ. ಮತ್ತೆ ಆರು ಸಲ ಒತ್ತಿ, ಅದೇ ಜಾಗದಲ್ಲಿ ಮತ್ತೆ ಖಾಲಿ. ಪಾಲಿ 1 ಮೋಡ್‌ನಲ್ಲಿ ದನಿಗಳು ಸರದಿ ಪ್ರಕಾರ ಬರೋದ್ರಿಂದ ಹೀಗಾಗೋದು, ಹಾಗಾಗಿ ತಗೊಳ್ಳೋಕೆ ಹೋದಾಗ ಬೇರೆ ಏನೂ ಗೊತ್ತಿಲ್ದಿದ್ರೂ ಈ ಒಂದು ಪರೀಕ್ಷೆ ಮಾಡಿ, ಒಂದು ನಿಮಿಷದ ಕೆಲಸ.

ಅದಕ್ಕಿಂತ ಮೊದ್ಲು ನೋಡಬೇಕಾದ್ದು ಹಿಂದುಗಡೆ ಬರೆದಿರೋ ವೋಲ್ಟೇಜ್. ಜಪಾನಿಗೆ ಅಂತ ಮಾಡಿದ ಮೆಷಿನ್ 100 ವೋಲ್ಟ್‌ದು, ಮನೆ ಕರೆಂಟು 230 ಇದ್ದು ನೇರವಾಗಿ ಚುಚ್ಚಿದ್ರೆ ಫ್ಯೂಸ್ ಹೋದ್ರೆ ಪುಣ್ಯ, ಅದರಾಚೆ ಏನು ಬೇಕಾದ್ರೂ ಹೋಗಬಹುದು. ಪ್ಲಗ್ ಆಕಾರ ನೋಡಿ ತೀರ್ಮಾನ ಮಾಡ್ಬೇಡಿ, ಪ್ಲಗ್ ಯಾರು ಬೇಕಾದ್ರೂ ಬದಲಾಯಿಸಿರ್ತಾರೆ. ನನ್ನದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಯ್ತು.

ಬಿಚ್ಚೋ ಮುಂಚೆ ನಾನು ಮಾಡಿದ ಇನ್ನೊಂದು ಕೆಲಸದ ಬಗ್ಗೆ ನಂಗೆ ಇವತ್ತಿಗೂ ಸಮಾಧಾನ ಇದೆ. ಜುನೋ-106 ಒಳಗೆ 128 ಶಬ್ದ ಇಟ್ಕೊಳ್ಳೋ ಜಾಗ ಇದೆ, ಎ ಗುಂಪಲ್ಲಿ 64, ಬಿ ಗುಂಪಲ್ಲಿ 64, ಅದನ್ನೆಲ್ಲ ಕಾಪಾಡೋದು ಒಳಗಿರೋ ಒಂದು 3 ವೋಲ್ಟ್ ಲಿಥಿಯಂ ಸೆಲ್. ಸೆಲ್ ತೆಗೆದ್ರೆ ಎಲ್ಲಾ ಹೋಯ್ತು. ಆ ಕಾಲದಲ್ಲಿ ಇದನ್ನ ಕ್ಯಾಸೆಟ್‌ಗೆ ತುಂಬಿಸಿಡ್ತಿದ್ರು, ಹಿಂದೆ ಅದಕ್ಕೆ ಅಂತಲೇ ಟೇಪ್ ಸಾಕೆಟ್ ಇದೆ, ಸೇವ್ ಒತ್ತಿದ್ರೆ ಕಿರ್‍ರ್ ಅಂತ ಶಬ್ದ ಬರುತ್ತೆ, ಆ ಶಬ್ದವೇ ಡೇಟಾ. ನಾನು ಅದನ್ನ ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೊಂಡು, ವೆರಿಫೈ ಮಾಡಿ ಸರಿಯಿದೆ ಅಂತ ಖಾತ್ರಿ ಮಾಡ್ಕೊಂಡೆ. ಕಂಪನಿ ತುಂಬಿಸಿ ಕಳಿಸಿದ್ದ ಶಬ್ದಗಳನ್ನ ಹುಡುಕಿ ತರಬಹುದು, ಆದ್ರೆ ಹಿಂದೆ ಇದನ್ನ ಇಟ್ಕೊಂಡಿದ್ದವರು ತಾವೇ ಕೂತು ಮಾಡಿಟ್ಟಿದ್ದು ಹೋದ್ರೆ ಹೋಯ್ತು. ನನ್ನ ಮೆಷಿನ್ನಲ್ಲಿ ಬಿ ಗುಂಪಿನ ಕೊನೆಯಲ್ಲಿ ಒಂದು ಶಬ್ದ ಇತ್ತು, ನಿಧಾನಕ್ಕೆ ಏಳುತ್ತೆ, ಕೈ ತೆಗೆದ ಮೇಲೂ ಎಷ್ಟೋ ಹೊತ್ತು ಉಳಿಯುತ್ತೆ, ದನಿ ದಪ್ಪ ಮಾಡೋ ಕೋರಸ್ ಹಾಕಿದೆ, ಸಬ್ ಆಸಿಲೇಟರ್, ಅಂದ್ರೆ ಒಂದು ಸ್ಥಾಯಿ (ಆಕ್ಟೇವ್) ಕೆಳಗಿನ ಸ್ವರ, ಸ್ವಲ್ಪವೇ ಬೆರೆಸಿದ್ದಾರೆ. ಈ ಮೆಷಿನ್ನಲ್ಲಿ ಶಬ್ದಕ್ಕೆ ಹೆಸರಿಡೋ ವ್ಯವಸ್ಥೆ ಇಲ್ಲ, ಬರೀ ನಂಬರು, ಬಿ 87. ಅದರಲ್ಲಿ ಹಲವು ಸ್ವರ ಒಟ್ಟಿಗೆ ಹಿಡಿದಾಗ ಒಂದು ಸ್ವರದ ಜಾಗ ಖಾಲಿ ಬಿದ್ದಿರೋದು ಕೇಳಿ ಕೇಳಿನೇ ನಾನು ಬಿಚ್ಚೋ ಮನಸ್ಸು ಮಾಡಿದ್ದು.

ಈಗ ಯಾವ ದನಿ ಹೋಗಿದೆ ಅಂತ ಪತ್ತೆ ಹಚ್ಚೋದು. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡ್ಕೊಂಡೇ ಪವರ್ ಆನ್ ಮಾಡಿದ್ರೆ ಟೆಸ್ಟ್ ಮೋಡ್ ಬರುತ್ತೆ, ಆಗ ಕೀ ಒತ್ತಿದ ಹಾಗೆಲ್ಲ ಎಷ್ಟನೇ ದನಿ ಬರ್ತಿದೆ ಅಂತ ಡಿಸ್‌ಪ್ಲೇಯಲ್ಲಿ ನಂಬರ್ ತೋರಿಸುತ್ತೆ. ನನ್ನದು ನಾಲ್ಕು. ಆದ್ರೆ ನಾಲ್ಕನೇ ದನಿ ಹೋಗಿದೆ ಅನ್ನೋದು ಅರ್ಧ ಉತ್ತರ ಮಾತ್ರ, ಯಾಕಂದ್ರೆ ಒಂದೊಂದು ದನಿ ಹಿಂದೆ ಎರಡು ಚಿಪ್ ಕೆಲಸ ಮಾಡುತ್ತೆ, ಒಂದು ಅಲೆ ಹುಟ್ಟಿಸೋ ಎಂಸಿ5534ಎ, ಇನ್ನೊಂದು ಆ ಅಲೆಯನ್ನ ಫಿಲ್ಟರ್ ಮಾಡಿ ಅದರ ಏರಿಳಿತ ನೋಡ್ಕೊಳ್ಳೋ 80017ಎ. ಮೊದಲನೆಯದು ಮೂರಿದೆ, ಒಂದೊಂದು ಎರಡೆರಡು ದನಿ ನೋಡ್ಕೊಳ್ಳುತ್ತೆ. ಎರಡನೆಯದು ದನಿಗೊಂದರಂತೆ ಆರು.

ಇಲ್ಲಿ ನಂಗೆ ದಾರಿ ತೋರಿಸಿದ್ದು ಬಹಳ ವರ್ಷದಿಂದ ಇಂಥವನ್ನ ರಿಪೇರಿ ಮಾಡಿ ಇಟ್ಕೊಂಡಿರೋ ಹಿರಿಯರೊಬ್ರು. ಫೋನಲ್ಲಿ ನಾನು ಚಿಪ್ ಆರ್ಡರ್ ಮಾಡ್ಲಾ ಸಾರ್ ಅಂತ ಕೇಳಿದ್ದಕ್ಕೆ, "ತಡಿಯಪ್ಪಾ, ಫಿಲ್ಟರ್ ಹಾಡುತ್ತಾ ನೋಡಿದ್ಯಾ ಮೊದ್ಲು?" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. "ಆಸಿಲೇಟರ್ ಎಲ್ಲಾ ಆಫ್ ಮಾಡು, ಸಬ್ಬು, ನಾಯ್ಸು ಎರಡೂ ಕೆಳಗಿಳಿಸು, ರೆಸೊನೆನ್ಸ್ ಪೂರ್ತಿ ಮೇಲೆ ತಗೋ, ಫಿಲ್ಟರ್ ಕೀಬೋರ್ಡ್ ಫಾಲೋ ಪೂರ್ತಿ ಕೊಡು. ಈಗ ನುಡಿಸು." ನುಡಿಸಿದ್ರೆ ಕೊಳಲಿನ ಹಾಗೆ ಸಣ್ಣ ದನಿ, ಅದು ಫಿಲ್ಟರ್ ತಾನೇ ತಾನಾಗಿ ಹಾಡೋದು, ರೆಸೊನೆನ್ಸ್ ಪೂರ್ತಿ ಕೊಟ್ರೆ ಹೀಗಾಗುತ್ತೆ, ಕೀಬೋರ್ಡ್ ಫಾಲೋ ಇದ್ರೆ ಕೀ ಬದಲಾದ ಹಾಗೆ ಆ ಸ್ವರವೂ ಬದಲಾಗುತ್ತೆ. ಹೀಗೆ ಹಾಡಿದ್ರೆ 80017ಎ ಬದುಕಿದೆ, ಅಲೆ ಹುಟ್ಟಿಸೋ ಕಡೆ ತೊಂದ್ರೆ ಅಂತ ಹುಡುಕ್ಬೇಕು. ಹಾಡ್ಲಿಲ್ಲ ಅಂದ್ರೆ 80017ಎ ಮೇಲೆ ಅನುಮಾನ. ನನ್ನ ನಾಲ್ಕನೇ ದನಿ ಹಾಡ್ಲಿಲ್ಲ, ಪಕ್ಕಾ ಮೌನ. ಜೊತೆಗೆ ಅದೇ ಎಂಸಿ5534ಎ ಹಂಚ್ಕೊಂಡಿರೋ ಇನ್ನೊಂದು ದನಿ ಚೆನ್ನಾಗೇ ಬರ್ತಿತ್ತು. ಸ್ಕ್ರೂ ಡ್ರೈವರ್ ಮುಟ್ಟೋ ಮುಂಚೆ ಬರೀ ಕಿವಿಯಲ್ಲಿ ಇಷ್ಟು ಗೊತ್ತಾಯ್ತು, ಹೊಸಬರಿಗೆ ನಾನು ಎಲ್ಲಕ್ಕಿಂತ ಮೊದ್ಲು ಹೇಳೋದು ಇದನ್ನೇ.

ಈ 80017ಎ ಯಾಕೆ ಹೋಗುತ್ತೆ ಅಂದ್ರೆ, ಅದು ನಿಜವಾಗಿ ಒಂದು ಚಿಪ್ ಅಲ್ಲ, ಪುಟ್ಟ ಬೋರ್ಡ್ ಮೇಲೆ ಸಣ್ಣ ಸಣ್ಣ ಭಾಗಗಳನ್ನ ಕೂರಿಸಿ ಮೇಲಿಂದ ರಾಳದ ಥರ ಎಪಾಕ್ಸಿ ಬಳಿದಿದ್ದಾರೆ. ವರ್ಷ ಕಳೆದ ಹಾಗೆ ಆ ಲೇಪನವೇ ಕರೆಂಟ್ ಸೋರಿಸೋಕೆ ಶುರು ಮಾಡುತ್ತೆ, ಪಿನ್ನಿಂದ ಪಿನ್ನಿಗೆ. ಒಳಗಿನ ಭಾಗಗಳು ಎಷ್ಟೋ ಸಲ ಚೆನ್ನಾಗೇ ಇರುತ್ತೆ. ಅದಕ್ಕೇ ಲಕ್ಷಣಗಳು ಒಂದೊಂದು ಸಲ ಒಂದೊಂದು ಥರ, ಕೆಲವರಿಗೆ ಚಟಪಟ ಶಬ್ದ, ಕೆಲವರಿಗೆ ಕೈ ತೆಗೆದ್ರೂ ಸ್ವರ ನಿಲ್ಲಲ್ಲ, ಕೆಲವರಿಗೆ ನನ್ನ ಹಾಗೆ ಮೌನ. ಇದಕ್ಕೆ ಎರಡು ದಾರಿ, ಹೊಸದಾಗಿ ಮಾಡ್ತಿರೋ ಬದಲಿ ಚಿಪ್ ಹಾಕೋದು, ಇಲ್ಲಾ ಹಳೇದನ್ನೇ ಅಸಿಟೋನ್‌ನಲ್ಲಿ ನೆನೆಸಿ ಲೇಪನ ತೆಗೆಯೋದು. ಬದಲಿ ಚಿಪ್ ಹಾಕೋದ್ರಲ್ಲಿ ತಪ್ಪೇನಿಲ್ಲ, ಆದ್ರೂ ನಾನು ಮೊದ್ಲು ಹಳೇದಕ್ಕೆ ಒಂದು ಅವಕಾಶ ಕೊಡ್ತೀನಿ.

ಚಿಪ್ ಹೊರಗೆ ತೆಗೆಯೋದೇ ಇದರಲ್ಲಿ ಕಷ್ಟದ ಭಾಗ. ಪ್ಲಗ್ ಕಿತ್ತು ರಾತ್ರಿಯೆಲ್ಲ ಬಿಟ್ಟೆ, ಪವರ್ ಸಪ್ಲೈ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ, ಬೆಳಿಗ್ಗೆ ಮಲ್ಟಿಮೀಟರ್ ಇಟ್ಟು ನೋಡಿದ ಮೇಲೇ ಕೈ ಹಾಕಿದ್ದು. ಒಂದೊಂದು ಕನೆಕ್ಟರ್ ತೆಗೆಯೋ ಮುಂಚೆ ಫೋಟೋ. ಬೋರ್ಡ್ ಹಳೇದು, ತಾಮ್ರದ ಪ್ಯಾಡ್‌ಗಳು ಬಿಸಿಗೆ ಬೇಗ ಎದ್ದು ಬರುತ್ತೆ, ಅದಕ್ಕೆ ನಾನು ಮಾಡಿದ್ದು ಏನಂದ್ರೆ ಪ್ರತಿ ಪಿನ್ನಿಗೂ ಮೊದ್ಲು ಹೊಸ ಸೋಲ್ಡರ್ ಸೇರಿಸಿ ಹಳೇದನ್ನ ಸಡಿಲ ಮಾಡಿ ಆಮೇಲೆ ಸಕ್ಕರ್‌ನಲ್ಲಿ ಎಳೆದೆ, ಉಳಿದಿದ್ದನ್ನ ಸೋಲ್ಡರ್ ಹೀರೋ ತಾಮ್ರದ ವಿಕ್‌ನಲ್ಲಿ ತೆಗೆದೆ, ಎಲ್ಲಾ ಪಿನ್ನೂ ತೂತಿನಲ್ಲಿ ಅಲ್ಲಾಡ್ತಿದೆ ಅಂತ ಚಿಮಟದಲ್ಲಿ ಮುಟ್ಟಿ ನೋಡೋ ತನಕ ಚಿಪ್ ಎಳೀಲಿಲ್ಲ. ಅಷ್ಟಾದ್ರೂ ಒಂದು ಪ್ಯಾಡ್ ಎದ್ದು ಬಂತು. ಆ ಟ್ರ್ಯಾಕ್ ಎಲ್ಲಿಗೆ ಹೋಗುತ್ತೆ ನೋಡಿ ಹಿಂದಿನಿಂದ ಒಂದು ತೆಳು ವೈರ್ ಎಳೆದು ಸರಿ ಮಾಡಿದೆ.

ಅಸಿಟೋನ್ ಬಗ್ಗೆ ಒಂದು ಮಾತು, ಅದರ ಆವಿ ಬೇಗ ಹೊತ್ತಿಕೊಳ್ಳುತ್ತೆ, ಉಸಿರಿಗೂ ಒಳ್ಳೇದಲ್ಲ, ಎಷ್ಟೋ ಪ್ಲಾಸ್ಟಿಕ್ಕನ್ನ ಕರಗಿಸುತ್ತೆ. ಗಾಜಿನ ಜಾಡಿ, ಲೋಹದ ಮುಚ್ಚಳ, ಕಿಟಕಿ ತೆಗೆದಿರೋ ಜಾಗ, ಹತ್ರದಲ್ಲಿ ಬೆಂಕಿ ಇರ್ಬಾರ್ದು. ಮೊದಲ ದಿನ ಏನೂ ಆಗಿರ್ಲಿಲ್ಲ. ಎರಡನೇ ದಿನ ಅಂಚು ಮೆತ್ತಗಾಯ್ತು. ಮೂರನೇ ದಿನ ಲೇಪನ ತೆಳು ಸಿಪ್ಪೆ ಥರ ಎದ್ದು ಬಂತು, ಮರದ ಕಡ್ಡಿಯಲ್ಲಿ ಮೆಲ್ಲಗೆ ಸರಿಸ್ದೆ ಅಷ್ಟೇ. ಚಾಕು ಹಾಕಿ ಕೆರೀಬೇಡಿ, ಕೆಳಗಿರೋ ಭಾಗಗಳು ಸಾಸಿವೆ ಕಾಳಿನ ಗಾತ್ರದವು, ಒಂದು ಕಿತ್ತು ಬಂದ್ರೆ ಚಿಪ್ ನಿಜವಾಗ್ಲೂ ಹೋಯ್ತು.

ಆ ಮೂರು ದಿನ ಕಾಯ್ತಾ ನನ್ನ ಮಾಡ್ಯುಲರ್ ಸಿಂಥ್ ಕೇಸ್ ಕೆಲಸ ಹಿಡ್ಕೊಂಡೆ, ಅಂದ್ರೆ ಆಸಿಲೇಟರ್, ಫಿಲ್ಟರ್ ಥರ ಬಿಡಿ ಬಿಡಿ ಮಾಡ್ಯೂಲ್‌ಗಳನ್ನ ಒಂದು ಪೆಟ್ಟಿಗೆಗೆ ಕೂರಿಸಿ ಕೇಬಲ್‌ನಲ್ಲಿ ಜೋಡಿಸೋ ಸಿಂಥ್. ನನ್ನದು ಯೂರೋರ್‍ಯಾಕ್, ಡೀಟರ್ ಡೋಪ್ಫರ್ ಅವರು 90ರ ದಶಕದ ಮಧ್ಯದಲ್ಲಿ ಎ-100 ಜೊತೆ ತಂದ ಅಳತೆ, ಎತ್ತರ 128.5 ಮಿಲಿಮೀಟರ್, ಅಗಲ ಎಚ್‌ಪಿ ಲೆಕ್ಕ, ಒಂದು ಎಚ್‌ಪಿ ಅಂದ್ರೆ 5.08 ಮಿಲಿಮೀಟರ್. ಜುನೋ ಒಳಗೆ ಎಲ್ಲಾ ತಂತಿ ಕಂಪನಿಯವರೇ ಜೋಡಿಸಿರ್ತಾರೆ, ಇಲ್ಲಿ ಆ ಜೋಡಣೆ ನಾವೇ ಮಾಡ್ಬೇಕು, ಮಾಡ್ಯುಲರ್ ಪ್ರೀತಿಸೋರು ಅದಕ್ಕೇ ಪ್ರೀತಿಸೋದು. ಹಿಂದೊಂದು ಸಲ ನಾನು ಒಂದು ಫಿಲ್ಟರ್ ಮಾಡ್ಯೂಲ್‌ನ ರಿಬ್ಬನ್ ಕೇಬಲ್ ಉಲ್ಟಾ ಚುಚ್ಚಿದ್ದೆ. ಕೆಂಪು ಪಟ್ಟಿ ಮೈನಸ್ 12 ವೋಲ್ಟ್ ಕಡೆ ಬರ್ಬೇಕು, ಕೆಂಪು ಅಂದ್ರೆ ಪ್ಲಸ್ ಅಂತ ಬೇರೆ ಕಡೆ ಅಭ್ಯಾಸ ಆಗಿರೋ ಕೈ ಹಾಗೇ ಹೋಗುತ್ತೆ. ಆ ಮಾಡ್ಯೂಲ್ ಈ ಮೂರು ದಿನದಲ್ಲಿ ಬಿಚ್ಚಿ ಎರಡು ಟಿಎಲ್072 ಆಪ್ ಆಂಪ್ ಚಿಪ್ ಬದಲಾಯಿಸಿದೆ, ಎದ್ದು ಕೂತ್ಕೊಂತು. ಜೊತೆಗೆ ಇಡೀ ಕೇಸಿನ ಮಿಲಿಆಂಪ್ ಲೆಕ್ಕ ಹಾಕಿದೆ, ಪ್ಲಸ್ 12ಕ್ಕೆ ಬೇರೆ, ಮೈನಸ್ 12ಕ್ಕೆ ಬೇರೆ, ಸಪ್ಲೈ ಕೊಡೋದ್ರಲ್ಲಿ ಕಾಲು ಭಾಗವಾದ್ರೂ ಖಾಲಿ ಉಳೀಬೇಕು ಅನ್ನೋದು ನನ್ನ ಲೆಕ್ಕಾಚಾರ.

ಆಸಿಲೇಟರ್ ಮಾಡ್ಯೂಲ್ ಟ್ಯೂನ್ ಮಾಡೋದಂತೂ ನಂಗೆ ಬಹಳ ಇಷ್ಟದ ಕೆಲಸ. ಒಂದು ವೋಲ್ಟ್ ಹೆಚ್ಚಾದ್ರೆ ಸರಿಯಾಗಿ ಒಂದು ಆಕ್ಟೇವ್ ಮೇಲೆ ಹೋಗ್ಬೇಕು, ಆದ್ರೆ ಮೊದ್ಲು ಅರ್ಧ ಗಂಟೆ ಆನ್ ಮಾಡಿ ಬಿಡ್ಬೇಕು, ಬಿಸಿಯಾಗದೇ ಟ್ಯೂನ್ ಮಾಡಿದ್ರೆ ಮಾಡಿದ್ದೆಲ್ಲ ವ್ಯರ್ಥ. ಆಮೇಲೆ ಕೆಳಗಿನ ಸ್ವರ, ಎರಡು ಆಕ್ಟೇವ್ ಮೇಲಿನ ಸ್ವರ, ಮತ್ತೆ ಕೆಳಗಿಂದು, ಹೀಗೆ ಹೋಗ್ತಾ ಬರ್ತಾ ಟ್ರಿಮ್ ಪಾಟ್ ಅನ್ನೋ ಪುಟ್ಟ ಹೊಂದಾಣಿಕೆ ತಿರುಪನ್ನ ಕೂದಲೆಳೆಯಷ್ಟು ತಿರುಗಿಸ್ತಾ ಇರೋದು. ಎರಡು ಆಸಿಲೇಟರ್ ಒಟ್ಟಿಗೆ ಬಿಟ್ರೆ ಮಧ್ಯೆ ಒಂದು ಅಲೆ ಏಳ್ತಾ ಬೀಳ್ತಾ ಇರುತ್ತಲ್ಲ, ತಂಬೂರಿ ಶ್ರುತಿ ಮಾಡೋರಿಗೆ ಗೊತ್ತಿರುತ್ತೆ, ಅದು ನಿಧಾನ ಆಗ್ತಾ ಆಗ್ತಾ ನಿಂತಾಗ ಸೇರಿತು ಅಂತ. ಇನ್ನೊಂದು, ಎಲ್ಲಾ ಹಳೇ ಮೆಷಿನ್ನೂ ಈ ವೋಲ್ಟ್‌ಗೆ ಆಕ್ಟೇವ್ ಲೆಕ್ಕ ಪಾಲಿಸಲ್ಲ, 1978ರ ಕೊರ್ಗ್ ಎಂಎಸ್-20 ಸಿಂಥ್ ವೋಲ್ಟ್‌ಗೆ ಇಷ್ಟು ಹರ್ಟ್ಸ್ ಅನ್ನೋ ಲೆಕ್ಕದ್ದು, ನೇರ ಕೇಬಲ್ ಹಾಕಿ ನುಡಿಸಿದ್ರೆ ಮೇಲೆ ಹೋದ ಹಾಗೆ ಅಪಸ್ವರ, ಮಧ್ಯೆ ಕನ್ವರ್ಟರ್ ಬೇಕು. ಹಾಳಾಗಿದೆ ಅಂತ ಬಿಚ್ಚೋಕೆ ಹೋಗ್ಬೇಡಿ.

ಜುನೋಗೆ ವಾಪಸ್. ಚಿಪ್ ಒಣಗಿಸಿ, ಬೋರ್ಡ್‌ಗೆ ನೇರ ಬೆಸುಗೆ ಹಾಕದೇ ಸಾಕೆಟ್ ಹಾಕಿ ಅದರಲ್ಲಿ ಕೂರಿಸಿದೆ, ಮುಂದೆ ಮತ್ತೆ ತೆಗೆಯೋ ಹಾಗಾದ್ರೆ ಪ್ಯಾಡ್‌ಗೆ ಬಿಸಿ ತಾಗ್ಬಾರ್ದು ಅಂತ. ಬೋರ್ಡ್ ಹೇಗೂ ಹೊರಗಿದೆ ಅಂತ ಹಳೇ ಸೆಲ್ ತೆಗೆದು ಸಿಆರ್2032 ಹಾಕೋ ಹೋಲ್ಡರ್ ಕೂರಿಸಿದೆ. ಆನ್ ಮಾಡಿ ಟೆಸ್ಟ್ ಮೋಡ್‌ಗೆ ಹೋಗಿ ನಾಲ್ಕು ಬರೋ ತನಕ ಒತ್ತಿದೆ, ಬಂತು ದನಿ. ಆದ್ರೆ ಉಳಿದ ಐದರ ಜೊತೆ ಹೊಂದ್ಲಿಲ್ಲ, ಸ್ವಲ್ಪ ಜಾಸ್ತಿ ಚುರುಕು, ಫಿಲ್ಟರ್ ಬೇರೆ ಕಡೆ ತೆರ್ಕೊಳ್ತಿತ್ತು. ಪ್ರತಿ ದನಿಗೂ ಬೇರೆ ಟ್ರಿಮ್ ಪಾಟ್‌ಗಳಿವೆ, ಮತ್ತೆ ಫಿಲ್ಟರ್ ಹಾಡಿಸಿ ಟ್ಯೂನರ್ ಇಟ್ಟು ಆರೂ ಒಂದೇ ಸ್ವರಕ್ಕೆ ತಂದೆ. ಇದರ ಆಸಿಲೇಟರ್ ಡಿಜಿಟಲ್ ಗಡಿಯಾರದ ಲೆಕ್ಕದಲ್ಲಿ ಓಡೋದು, ಅದು ಶ್ರುತಿ ತಪ್ಪಲ್ಲ, ಹೊಂದಿಸಬೇಕಾದ್ದು ಫಿಲ್ಟರ್ ಮಾತ್ರ. ಆರೂ ಪಕ್ಕಾ ಒಂದೇ ಥರ ಆಗೋ ತನಕ ಹಠ ಹಿಡೀಲಿಲ್ಲ, ತುಸು ವ್ಯತ್ಯಾಸ ಇದ್ರೇ ಈ ಮೆಷಿನ್ ಉಸಿರಾಡೋ ಹಾಗೆ ಕೇಳೋದು.

ಕೋರಸ್ ಹಾಕಿದಾಗ ಸ್ಸ್ ಅಂತ ಬರೋದಕ್ಕೆ ಗಾಬರಿ ಆಗ್ಬೇಡಿ, ಒಳಗಿನ ಎರಡು ಎಂಎನ್3009 ಚಿಪ್‌ಗಳ ಸ್ವಭಾವ ಅದು.

ಎರಡು ತಿಂಗಳಿಗೆ ಒಂದನೇ ದನಿ ಚಟಪಟ ಅನ್ನೋಕೆ ಶುರು ಆಯ್ತು. ಕೆಲಸ ಮಾಡ್ತಿರೋದನ್ನ ಮುಟ್ಬೇಡಿ ಅನ್ನೋರು ತುಂಬಾ ಜನ ಇದ್ದಾರೆ, ಅವರ ಭಯ ನಂಗೆ ಅರ್ಥ ಆಗುತ್ತೆ, ಒಂದೊಂದು ಸಲ ಬಿಚ್ಚಿದಾಗ್ಲೂ ಪ್ಯಾಡ್‌ಗೆ ಅಪಾಯ ಇದ್ದೇ ಇದೆ. ಆದ್ರೆ ಆರೂ ಒಂದೇ ವಯಸ್ಸಿನವು, ಒಂದೇ ಲೇಪನ, ಒಂದು ಹೋದ ಮೇಲೆ ಉಳಿದವು ಸಾಲಾಗಿ ಬರುತ್ತೆ. ಈ ಸಲ ಉಳಿದ ಐದನ್ನೂ ಒಟ್ಟಿಗೆ ತೆಗೆದು ನೆನೆಸಿದೆ. ನಾಲ್ಕು ಎದ್ದವು. ಒಂದು ಲೇಪನ ಹೋದ್ರೂ ಏಳ್ಲಿಲ್ಲ, ಅದರ ಜಾಗಕ್ಕೆ ಬದಲಿ ಚಿಪ್ ಹಾಕಿದ್ದೀನಿ.

ಎಲ್ಲಾ ಮುಚ್ಚಿ ಸ್ಕ್ರೂ ಹಾಕಿದ ಮೇಲೆ ಹಿಂದಿನ ಮೆಮೊರಿ ಪ್ರೊಟೆಕ್ಟ್ ಸ್ವಿಚ್ ಆಫ್ ಮಾಡಿ, ಆ ರೆಕಾರ್ಡಿಂಗನ್ನ ಕಂಪ್ಯೂಟರಿಂದ ವಾಪಸ್ ಬಿಟ್ಟೆ. ಮೊದಲ ಸಲ ಸೌಂಡ್ ಕಮ್ಮಿ ಆಗಿ ತಗೊಳ್ಳಲಿಲ್ಲ, ಎರಡನೇ ಸಲ ತಗೊಂತು. ಬಿ 87ಕ್ಕೆ ಹೋಗಿ ಎರಡೂ ಕೈ ಇಟ್ಟು ಆರು ಸ್ವರ ಹಿಡಿದೆ, ಆರೂ ಬಂತು. ಅದನ್ನ ಮಾಡಿಟ್ಟವರು ಯಾರೋ, ಈಗ ಎಲ್ಲಿದ್ದಾರೋ, ಆ ಶಬ್ದದ ಒಂದು ಸ್ಲೈಡರ್‌ನೂ ನಾನು ಬದಲಾಯಿಸಿಲ್ಲ. ಉಳಿದ 127 ಜಾಗ ನನ್ನದು.