ಹೊರ ಎಲೆ ಬಿಚ್ಚಿ ಸೇದಿದ ಮೇಲೆ ಗೊತ್ತಾಯಿತು: 8 ಡಾಲರ್ ಸಿಗಾರ್ ಜೊತೆ ನನ್ನ ಅನುಭವ

ಅಗ್ಗವೂ ಅಲ್ಲದ, ದುಬಾರಿಯೂ ಅಲ್ಲದ ಸಿಗಾರ್‌ನಲ್ಲಿ ನಾನು ಮೊದಲು ನೋಡುವುದು ರುಚಿಯನ್ನಲ್ಲ. ಒಂದೇ ಪ್ಯಾಕಿನ ಐದೂ ಒಂದೇ ಥರ ಉರಿಯುತ್ತವಾ, ಎಳೆದರೆ ಒಂದೇ ಥರ ಹೊಗೆ ಬರುತ್ತಾ ಅನ್ನುವುದನ್ನು ನೋಡುತ್ತೇನೆ. 25 ಡಾಲರ್ ಸಿಗಾರ್ ವರ್ಷಕ್ಕೊಮ್ಮೆ ತರುವಂಥದ್ದು, ಅದರಲ್ಲಿ ಅಪರೂಪದ ಕಂಪು ಸಿಕ್ಕರೆ ಸಾಕು. 8 ಡಾಲರಿನದ್ದು ಮತ್ತೆ ಮತ್ತೆ ಕೊಳ್ಳುವಂಥದ್ದು, ಅಲ್ವಾ? ಅದು ನಂಬಿಕಸ್ತ ಆಗಿರಬೇಕು. ಅದಕ್ಕೇ ಒಂದನ್ನು ಸೇದಿ ನಾನು ಯಾವತ್ತೂ ತೀರ್ಪು ಕೊಡುವುದಿಲ್ಲ.

ನಾನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. 1880ರ ದಶಕದಿಂದ ಸಿಗಾರ್ ಕಾರ್ಖಾನೆಗಳ ಮೇಲೆಯೇ ಬೆಳೆದ ಊರು ಇದು. ಹುಟ್ಟಿದ್ದು ಹುಣಸೂರು ಕಡೆ, ಮನೆಯವರು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅಲ್ಲಿ ಎಲೆಯನ್ನು ಬ್ಯಾರನ್‌ಗೆ, ಅಂದರೆ ಎಲೆ ಹದಮಾಡುವ ಮನೆಗೆ, ತುಂಬಿ, ಸೌದೆ ಉರಿ ಹಾಕಿ, ಒಂದು ವಾರದ ಒಳಗೆ ಹಳದಿ ಮಾಡಿ ಇಳಿಸುತ್ತಾರೆ. ಎಲೆಯ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಸಿಗಾರ್ ಎಲೆಯ ದಾರಿಯೇ ಬೇರೆ. ಉರಿ ಇಲ್ಲ, ನೆರಳಲ್ಲಿ ತೂಗುಹಾಕಿ ವಾರಗಟ್ಟಲೆ ಒಣಗಿಸುತ್ತಾರೆ, ಆಮೇಲೆ ದೊಡ್ಡ ರಾಶಿ ಹಾಕಿ ಅದರದ್ದೇ ಶಾಖದಲ್ಲಿ ಹುದುಗಲು ಬಿಡುತ್ತಾರೆ, ಅಮೋನಿಯಾದ ಘಾಟು ಹೊರಗೆ ಹೋಗುವವರೆಗೂ ರಾಶಿ ಮುರಿದು ಮತ್ತೆ ಕಟ್ಟುತ್ತಾ ಇರುತ್ತಾರೆ. ಸಕ್ಕರೆ ಉಳಿಯುವುದಿಲ್ಲ, ಹಾಗಾಗಿ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಎದೆಗೆ ಎಳೆದುಕೊಳ್ಳಬೇಕಾಗಿಲ್ಲ. ಹಾಗಂತ ಇದು ಸುರಕ್ಷಿತ ಅಂತ ಯಾರೂ ತಿಳಿಯಬೇಡಿ. ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ನಾನು ಅಪರೂಪಕ್ಕೆ ಸೇದುವವನು, ಸೇದದವರಿಗೆ ಶುರು ಮಾಡಿ ಅಂತ ಹೇಳುವುದಿಲ್ಲ.

ಈ ಸಲ ತಂದದ್ದು ಹೊರಗೆ ಕ್ಯಾಮರೂನ್ ಎಲೆ, ಒಳಗೆಲ್ಲ ನಿಕರಾಗುವಾ ಎಲೆ ಇರುವ, ನಿಕರಾಗುವಾದ ಎಸ್ತೆಲಿ ಊರಲ್ಲಿ ಸುತ್ತಿದ ರೋಬಸ್ಟೋ, ಅಂದರೆ ಗಿಡ್ಡ, ದಪ್ಪ ಸಿಗಾರ್. ದಪ್ಪ 50, ಅಂದರೆ ಇಂಚಿನ 64ರಲ್ಲಿ 50 ಭಾಗ. ಪೆಟ್ಟಿಗೆಯಲ್ಲಿ ಒತ್ತಿ ಚೌಕ ಮಾಡಿದ್ದು. ಕಂಪನಿ ಹೆಸರು ಬೇಡ, ಈ ಜೋಡಣೆಯ ಸಿಗಾರ್ ಮಾಡುವವರು ಒಬ್ಬರೇ ಅಲ್ಲ. ಕ್ಯೂಬಾದ ಸಿಗಾರ್‌ಗೆ ಅಮೆರಿಕದಲ್ಲಿ 1962ರಿಂದ ನಿಷೇಧ ಇದೆ. ಕ್ಯೂಬಾ ಬಿಟ್ಟು ಬಂದ ಬೆಳೆಗಾರರು ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್ ಕಡೆ ಬೀಜ ಬಿತ್ತಿದರು. ಒಂದು ದೇಶದ ಎಲೆಗೆ ಇನ್ನೊಂದು ದೇಶದ ಎಲೆ ಸುತ್ತುವುದು ಈಗ ಮಾಮೂಲಿ.

ತಂದ ತಕ್ಷಣ ಸೇದಲಿಲ್ಲ. ಮರದ ಪೆಟ್ಟಿಗೆಯಲ್ಲಿ ಶೇಕಡಾ 65ರ ತೇವಾಂಶದ ಪ್ಯಾಕೆಟ್ ಜೊತೆ ಕೆಲವು ವಾರ ಇಟ್ಟೆ. ಕ್ಯಾಮರೂನ್ ಎಲೆ ತುಂಬಾ ತೆಳು. ಮುಟ್ಟಿದರೆ ಸಣ್ಣ ಸಣ್ಣ ಗುಳ್ಳೆ ಕೈಗೆ ಸಿಗುತ್ತವೆ, ಅದು ಆ ಎಲೆಯ ಗುರುತು. ಎಸಿ ಕೋಣೆಯಿಂದ ಟ್ಯಾಂಪಾದ ಬಿಸಿ, ಜಿಗುಟು ಗಾಳಿಗೆ ಒಯ್ದರೆ ಒಳಗಿನ ಎಲೆ ಊದಿಕೊಂಡು ಹೊರಗಿನದ್ದು ಸೀಳುತ್ತದೆ. ಹಾಗಾಗಿ ಇದನ್ನು ಬೆಳಿಗ್ಗೆ ಹೊತ್ತು, ತಿಂಡಿ ಆದ ಮೇಲೆ, ಹಿತ್ತಲಿನ ಜಗುಲಿಯಲ್ಲೇ ಸೇದಿದೆ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ಸುತ್ತು ಬರುತ್ತದೆ. ಜೊತೆಗೆ ನೀರು ಮಾತ್ರ. ಕಾಫಿ ಕುಡಿಯುತ್ತಾ ಸೇದಿ "ಕಾಫಿ ರುಚಿ ಇದೆ" ಅಂತ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ.

ಕತ್ತರಿಸಿ, ಹಚ್ಚುವ ಮೊದಲು ಸುಮ್ನೆ ಎಳೆದು ನೋಡುತ್ತೇನೆ. ಒಣಹುಲ್ಲು, ಸ್ವಲ್ಪ ಒಣದ್ರಾಕ್ಷಿ. ಹಚ್ಚುವಾಗ ಜ್ವಾಲೆ ಎಲೆಗೆ ತಾಕದ ಹಾಗೆ ಹಿಡಿದು ತುದಿ ಪೂರ್ತಿ ಕೆಂಪಾಗಲು ಬಿಡುತ್ತೇನೆ. ನಿಮಿಷಕ್ಕೆ ಒಂದೇ ಎಳೆತ, ಅದಕ್ಕಿಂತ ಜಾಸ್ತಿ ಎಳೆದರೆ ಕಾವು ಜಾಸ್ತಿಯಾಗಿ ಎಲ್ಲ ಸಿಗಾರೂ ಕಹಿಯೇ. ಆಗೀಗ ಸ್ವಲ್ಪ ಹೊಗೆಯನ್ನು ಮೂಗಿನಿಂದ ಬಿಡಬೇಕು. ನಾಲಿಗೆಗೆ ಗೊತ್ತಾಗುವುದು ಉಪ್ಪು, ಹುಳಿ, ಕಹಿ, ಸಿಹಿಯಂಥ ಕೆಲವೇ ರುಚಿ, ಕಂಪೆಲ್ಲ ಮೂಗಿನ ಕೆಲಸ.

ಮೊದಲ ಭಾಗದಲ್ಲಿ ಹುರಿದ ಗೋಧಿ, ಕಾಳುಮೆಣಸು, ಹಿಂದೆಯೇ ಒಂದು ತೆಳು ಸಿಹಿ. ನಡುವೆ ಮೆಣಸಿನ ಖಾರ ಇಳಿದು ಒಣಕೊಬ್ಬರಿ, ಚಕ್ಕೆ ಬಂದವು. ಕೊನೆಯ ಭಾಗದಲ್ಲಿ ಚೆನ್ನಾಗಿ ಹುರಿದ ಕಾಫಿ ಬೀಜದ ಒಗರು, ಕಹಿ. ಬೂದಿ ತಿಳಿ ಬೂದು ಬಣ್ಣ, ಗಟ್ಟಿಯಾಗಿ ಒಂದು ಇಂಚಿನವರೆಗೆ ನಿಂತಿತು.

ಆ ಸಿಹಿ ಎಲ್ಲಿಂದ ಬರುತ್ತಿದೆ? ಇದು ನನ್ನನ್ನು ಬಿಡಲಿಲ್ಲ. ಅದಕ್ಕೆ ಒಂದು ಸಿಗಾರನ್ನು ಪರೀಕ್ಷೆಗೆ ಕೊಟ್ಟೆ. ಒದ್ದೆ ಬಟ್ಟೆಯ ಪಕ್ಕದಲ್ಲಿ ಇಟ್ಟು ಹೊರ ಎಲೆ ಮೆದುವಾದ ಮೇಲೆ, ಬಾಯಿಗಿಡುವ ತುದಿಯನ್ನು ಮುಚ್ಚಿರುವ ಎಲೆಯ ಟೋಪಿಯಿಂದ ಶುರುಮಾಡಿ ನಿಧಾನಕ್ಕೆ ಪೂರ್ತಿ ಸುತ್ತು ಬಿಚ್ಚಿದೆ. ಒಳಗಿನ ಬೈಂಡರ್ ಎಲೆ ಎಲ್ಲವನ್ನೂ ಹಿಡಿದಿರುತ್ತದೆ, ಉದುರುವುದಿಲ್ಲ. ಮಾರನೆಯ ದಿನ, ತೇವ ಇಳಿದ ಮೇಲೆ, ಹೊರ ಎಲೆ ಇಲ್ಲದೆ ಹಾಗೇ ಸೇದಿದೆ. ಖಾರ ಅಷ್ಟೇ ಇತ್ತು, ಬಲವೂ ಅಷ್ಟೇ ಇತ್ತು. ಸಿಹಿ ಮತ್ತು ಚಕ್ಕೆಯ ಕಂಪು ಇರಲಿಲ್ಲ. ಒಣಗಿದ, ಸ್ವಲ್ಪ ಮಣ್ಣಿನ ರುಚಿ ಅಷ್ಟೆ. ಅಂದರೆ ಈ ಸಿಗಾರ್‌ನಲ್ಲಿ ನಾನು ಇಷ್ಟಪಟ್ಟದ್ದೆಲ್ಲ ಆ ಒಂದು ತೆಳು ಎಲೆಯದ್ದು, ಖಾರ ಮತ್ತು ದಮ್ಮು ಒಳಗಿನವುಗಳದ್ದು.

ಸೇದಿ ಉಳಿದ ತುಂಡಿನ ಒಳಗಿನದ್ದನ್ನೂ ಬಿಡಿಸಿ ನೋಡಿದೆ. ನಡುವೆ ಒಂದು ದಪ್ಪ, ಎಣ್ಣೆ ಎಣ್ಣೆ ಎಲೆ, ಸುತ್ತ ತೆಳುವಾದವು. ದಪ್ಪದ್ದು ಗಿಡದ ಮೇಲ್ಭಾಗದ್ದು, ಲಿಗೇರೋ ಅಂತಾರೆ. ಬಿಸಿಲು ಜಾಸ್ತಿ ತಿಂದಿರುತ್ತದೆ, ಬಲ ಜಾಸ್ತಿ, ಉರಿಯುವುದು ನಿಧಾನ, ಅದಕ್ಕೇ ಮಧ್ಯದಲ್ಲಿ ಇಡುತ್ತಾರೆ. ಗಿಡದ ನಡುಭಾಗದ ಎಲೆ ಸೆಕೋ ಕಂಪು ಕೊಡುತ್ತದೆ, ಗಿಡದ ಕೆಳಭಾಗದ ವೊಲಾಡೋ ಸಲೀಸಾಗಿ ಉರಿಯಲು. ಹುಣಸೂರಿನಲ್ಲೂ ಎಲೆ ಮುರಿಯುವುದು ಬುಡದಿಂದ ಮೇಲಕ್ಕೆ, ಹಣ್ಣಾದ ಹಾಗೆ ಎರಡು ಮೂರು ಎಲೆ. ಬುಡದ ಎಲೆ, ತುದಿ ಎಲೆ ಒಂದೇ ಅಲ್ಲ ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಪರೀಕ್ಷೆಯನ್ನು ಹೆಂಡತಿಯ ಸಹಾಯದಿಂದ ಮಾಡಿದೆ. ಇದರ ಜೊತೆಗೆ ಅದೇ ಬೆಲೆಯ, ಅದೇ ಅಳತೆಯ, ಪೂರ್ತಿ ನಿಕರಾಗುವಾ ಎಲೆಯದ್ದನ್ನೂ ಬ್ಯಾಂಡ್ (ಹೆಸರಿನ ಕಾಗದದ ಪಟ್ಟಿ) ತೆಗೆದು ಕೊಡಲು ಹೇಳಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇದನ್ನೊಮ್ಮೆ ಅದನ್ನೊಮ್ಮೆ ಎಳೆದು ನೋಡಿದೆ. ಕ್ಯಾಮರೂನ್ ಯಾವುದು ಅಂತ ಕೆಲವೇ ಎಳೆತದಲ್ಲಿ ಗೊತ್ತಾಯಿತು. ಆದರೆ ಕೊನೆಯ ಭಾಗದಲ್ಲಿ ಇನ್ನೊಂದೇ ಮೇಲು, ಅದು ಕೈಗೆ ಬಿಸಿ ತಾಗುವವರೆಗೂ ಕಹಿ ಆಗಲಿಲ್ಲ.

ಇನ್ನು ಒಂದೇ ಥರ ಇದ್ದವಾ ಅನ್ನುವ ವಿಷಯ. ಒಂದರಲ್ಲಿ ಎಳೆತ ಬಿಗಿ ಇತ್ತು. ಒಳಗೆ ಎಲೆಯ ನಾರು ತಿರುಚಿ ಕೂತಿತ್ತು ಅನ್ನಿಸುತ್ತದೆ, ತೆಳು ಕಡ್ಡಿ ತೂರಿಸಿ ದಾರಿ ಮಾಡಿದರೂ ರುಚಿ ಮಂಕಾಗಿಯೇ ಉಳಿಯಿತು. ಉಳಿದವು ನೇರವಾಗಿ ಉರಿದವು, ಮತ್ತೆ ಹಚ್ಚುವ ಪ್ರಮೇಯ ಬರಲಿಲ್ಲ. ಕೈಯಲ್ಲಿ ಸುತ್ತುವ ವಸ್ತು, ಈ ಬೆಲೆಗೆ ಐದರಲ್ಲಿ ಒಂದು ಹೀಗಾದರೆ ಒಪ್ಪುತ್ತೇನೆ, ಎರಡಾದರೆ ಒಪ್ಪುವುದಿಲ್ಲ.

8 ಡಾಲರಿಗೆ ಮತ್ತೆ ತರುತ್ತೇನೆ. 12 ಆದರೆ ಬೇಡ, ಕೊನೆಯ ಭಾಗ ಆ ಬೆಲೆಗೆ ಸಾಲದು. ಮುಂದೆ ಇದೇ ಒಳ ಎಲೆಗೆ ಕಪ್ಪು ಮಡೂರೋ ಸುತ್ತಿದ್ದು ಸಿಕ್ಕರೆ ಅದನ್ನೂ ಹೀಗೇ ಬಿಚ್ಚಿ ನೋಡಬೇಕು. ಆ ಎಲೆ ಇದಕ್ಕಿಂತ ದಪ್ಪ, ಸಿಹಿಯೂ ಜಾಸ್ತಿ. ಕೊನೆಯ ಕಹಿಯನ್ನು ಅದು ತಡೆಯುತ್ತಾ ಅಂತ ನೋಡುವ ಆಸೆ ಇದೆ.