ಇನ್ನೋವಾ ಚಕ್ರದ ನಟ್‌ಗಳು: ಕರಾವಳಿಯ ಮಳೆಯಲ್ಲಿ ನಿಂತ ನನ್ನ ವಿಧಾನ

ಕುಂದಾಪುರದ ನಮ್ಮ ಟ್ಯಾಕ್ಸಿ ನಿಲ್ದಾಣದಲ್ಲಿ, ಇಷ್ಟೇ ಬಲಕ್ಕೆಂದು ಅಳೆದು ಬಿಗಿಯುವ ಟಾರ್ಕ್ ರೆಂಚ್ ಹಿಡಿದು ಚಕ್ರ ಬಿಗಿಯುವವನು ನಾನೊಬ್ಬನೇ. ಪಾನಾದ ಮೇಲೆ ಹತ್ತಿ ನಿಂತು ಬಿಗಿಯದ ನಟ್ ಬಾಳೆಬರೆ ಘಾಟಿ ಇಳಿಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ ಎನ್ನುತ್ತಿದ್ದ ಚಾಲಕರೇ ಈ ಮಳೆಗಾಲ ಕಳೆದ ಮೇಲೆ ಆ ರೆಂಚನ್ನು ಎರವಲು ಕೇಳುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ನನ್ನ ಎರಡೂ ಇನ್ನೋವಾಗಳು ಸ್ಟೀಲ್ ರಿಮ್‌ನವು. ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ಟಡ್‌ಗೆ (ಚಕ್ರದ ನಟ್ ಏರುವ ಬೋಲ್ಟ್‌ಗೆ) ನಟ್ ತಿರುಗಿಸುವ ಪಂಕ್ಚರ್ ಅಂಗಡಿಯ ಗನ್ ಸೇರಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಒಂದು ವರ್ಷ ತುಂಡಾದ ಸ್ಟಡ್‌ಗಳಿಗೇ ಸುಮಾರು ಆರು ಸಾವಿರ ಹೋಗಿತ್ತು. ಸ್ಟಡ್‌ನ ಬೆಲೆ ನೂರರ ಆಸುಪಾಸು, ಕೂರಿಸುವ ಮಜೂರಿ ಅದರ ಐದು ಪಟ್ಟು, ಮೇಲೆ ಕೈತಪ್ಪಿದ ಬಾಡಿಗೆ ಬೇರೆ.

ಮೊದಲು ಹಿರಿಯ ಮೆಕ್ಯಾನಿಕ್ ಒಬ್ಬರ ಮಾತಿನಂತೆ ಸ್ಟಡ್‌ನ ತ್ರೆಡ್‌ಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಗ್ರೀಸ್ ಹಚ್ಚಿಸಿದೆ. ನಟ್ ಸಲೀಸಾಗಿ ಬಿಚ್ಚಿತೇನೋ ನಿಜ, ಆದರೆ ಜಾರುವ ತ್ರೆಡ್‌ನಲ್ಲಿ ಅದೇ ಬಲ ಸ್ಟಡ್ಡನ್ನು ಇನ್ನಷ್ಟು ಎಳೆದು, ಕೆಲವು ಹಿಗ್ಗಿಯೇ ಹೋದವು. ಆಮೇಲೆ ಕ್ರೋಮ್ ಟೋಪಿಯ ಹೊಳೆಯುವ ನಟ್‌ಗಳನ್ನು ಒಂದಕ್ಕೆ ಅರವತ್ತರಂತೆ ತಂದೆ. ಎರಡು ಮಳೆಗಾಲದೊಳಗೆ ಟೋಪಿಯ ಕೆಳಗೆ ತುಕ್ಕು ಉಬ್ಬಿ, 21 ಮಿಲಿಮೀಟರ್ ಸಾಕೆಟ್ ಹಿಡಿಸದೆ, 22ರದು ಜಾರಿ, ಕೊನೆಗೆ ಉಳಿ ಇಟ್ಟು ಒಡೆಯಬೇಕಾಯಿತು. ಈಗ ಇರುವುದು ಒಂದೇ ತುಂಡಿನ ಗಟ್ಟಿ ನಟ್‌ಗಳು. ಬೆಲೆ ಸುಮಾರು ಇಮ್ಮಡಿ.

ಹಿಂದಿನ ಡ್ರಮ್ ತೆಗೆದು, ಬ್ರೇಕ್ ಶೂಗಳ ನಡುವೆ ಜಾಗ ಸಿಗುವಲ್ಲಿಗೆ ಸ್ಟಡ್‌ಗಳು ಕೂತಿರುವ ತಟ್ಟೆಯನ್ನು (ಫ್ಲ್ಯಾಂಜ್) ತಿರುಗಿಸಿ, ಹಿಗ್ಗಿದ ಸ್ಟಡ್‌ಗಳನ್ನು ಹೊಡೆದು ಹೊರಹಾಕಿದೆ. ಹೊಸದಕ್ಕೆ ನಾಲ್ಕಾರು ವಾಷರ್ ಪೇರಿಸಿ, ಹಳೆಯ ನಟ್ಟನ್ನು ತಿರುವಿ ಹಾಕಿ ಎಳೆದು ಕೂರಿಸಿದೆ. ನಟ್ ಸಮೇತ ತಿರುಗುವ ಸ್ಟಡ್ಡನ್ನು ಚಕ್ರ ಕಳಚದೆಯೇ ಹಿಡಿದು ನಿಲ್ಲಿಸುವ ಉಪಾಯವೊಂದಿದೆ. ಅದರಿಂದ ನನಗೆ ನಾಲ್ಕು ಕಾಸು ಬರುತ್ತಿರುವುದರಿಂದ ಇಲ್ಲಿ ಹೇಳುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ರಿಮ್. ಬಣ್ಣ ಬಳಿಸಿದ ರಿಮ್‌ಗಳಲ್ಲಿ ನಟ್ ಕೂರುವ ಇಳಿಜಾರಿನ ಮೇಲೂ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ತಾಗುವ ಮುಖದ ಮೇಲೂ ದಪ್ಪ ಬಣ್ಣವಿರುತ್ತದೆ. ಗಾಡಿ ಓಡಿದಂತೆ ಅದು ಅಮುಕಿಕೊಂಡು, ಎಷ್ಟೇ ಬಿಗಿದಿದ್ದರೂ ಹಿಡಿತ ಸಡಿಲವಾಗುತ್ತದೆ. ಎರಡನ್ನೂ ತಂತಿ ಬ್ರಶ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಹಬ್‌ನ ನಡುವಿನ ಅಂಚಿಗಷ್ಟೇ ಗ್ರೀಸ್ ಸವರಿ, ತ್ರೆಡ್‌ಗಳನ್ನು ಒಣದಾಗಿಯೇ ಬಿಟ್ಟೆ. ನಟ್‌ಗಳನ್ನು ಬೆರಳಿನಿಂದಲೇ ಏರಿಸಿ, ಒಂದು ಬಿಟ್ಟು ಒಂದರಂತೆ ಮೊದಲು ಐವತ್ತು ನ್ಯೂಟನ್ ಮೀಟರ್‌ಗೆ (ತಿರುಚುವ ಬಲದ ಅಳತೆ), ಚಕ್ರ ನೆಲಕ್ಕೆ ತಾಗಿದ ಮೇಲೆ 103ಕ್ಕೆ ಬಿಗಿದೆ. ನೂರು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ. ರೆಂಚ್‌ಗೆ ಬಿದ್ದದ್ದು ಮೂರು ಸಾವಿರದೊಳಗೆ. ಅದರಿಂದ ನಟ್ ಬಿಚ್ಚಲು ನಾನು ಯಾರನ್ನೂ ಬಿಡುವುದಿಲ್ಲ.

ಬೆರಳಿನಿಂದ ಏರಿಸುವುದಕ್ಕೂ ಕಾರಣವಿದೆ. ಸ್ವಿಫ್ಟ್‌ನ ನಟ್‌ಗೂ ಇನ್ನೋವಾದ ನಟ್‌ಗೂ ಅಳತೆ 12 ಮಿಲಿಮೀಟರೇ, ಆದರೆ ತ್ರೆಡ್‌ನ ಅಂತರ ಅದರಲ್ಲಿ 1.25, ಇದರಲ್ಲಿ 1.5, ಡಬ್ಬಿಯಲ್ಲಿ ಬೆರೆತುಹೋದರೆ ಗನ್ ಅದನ್ನೂ ನುಗ್ಗಿಸಿಬಿಡುತ್ತದೆ. ಹೋಂಡಾದ ನಟ್ ಬೆರಳನ್ನೂ ವಂಚಿಸುತ್ತದೆ: ತ್ರೆಡ್ ಒಂದೇ, ಕೂರುವ ತಳ ಮಾತ್ರ ಗುಂಡು.

ನಡುವೆ ಹಳೆಯ ನಟ್‌ಗಳನ್ನು ಬಿಂಬುಳಿ ಕಾಯಿಯ ಹುಳಿ ರಸದಲ್ಲಿ ರಾತ್ರಿಯಿಡೀ ನೆನೆಹಾಕಿಯೂ ನೋಡಿದೆ. ತುಕ್ಕು ಪೂರ್ತಿ ಬಿಟ್ಟಿತು, ತೊಳೆದಿಟ್ಟರೆ ಸಂಜೆಗೆ ಮತ್ತೆ ಕೆಂಪು. ತೊಳೆದ ಕೂಡಲೇ ಸೋಡಾಪುಡಿಯ ನೀರಿಗೆ ಅದ್ದಿ ಬಿಸಿಲಿಗೆ ಹಾಕಿದವು ಮಾತ್ರ ಉಳಿದು, ತುರ್ತಿಗೆಂದು ಡಿಕ್ಕಿಯಲ್ಲಿವೆ.

ಜೂನ್‌ನಿಂದ ಈಚೆಗೆ ಒಂದು ಸ್ಟಡ್ಡೂ ತುಂಡಾಗಿಲ್ಲ. ಪ್ರತಿ ನಟ್‌ನಿಂದ ರಿಮ್‌ಗೆ ಹಳದಿ ಬಣ್ಣದ ಗೆರೆ ಎಳೆದಿದ್ದೇನೆ. ನಟ್ ಕದಲಿದ್ದರೆ ಬೆಳಗ್ಗೆ ಗಾಡಿ ತೆಗೆಯುವಾಗಲೇ ಕಾಣುತ್ತದೆ.