ಎಚ್‌ಒಡಿ ಕುರ್ಚಿ ಬಂತು, ಸಂಶೋಧನೆ ಎಲ್ಲಿಂದ ಶುರು ಮಾಡೋದು?

ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥ ಆದ ಮೊದಲ ವಾರವೇ ನಾನೊಂದು ಪೆದ್ದು ಕೆಲಸ ಮಾಡಿದೆ. ಸ್ಟಾಫ್ ಮೀಟಿಂಗ್ ಕರೆದು "ಈ ವರ್ಷ ಒಬ್ಬೊಬ್ಬರೂ ಎರಡೆರಡು ಸಂಶೋಧನಾ ಪೇಪರ್ ಬರೀಬೇಕು" ಎಂದೆ. ಎಲ್ಲರೂ ತಲೆ ಆಡಿಸಿದರು, ಕಾಫಿ ಕುಡಿದರು, ಎದ್ದು ಹೋದರು. ವರ್ಷದ ಕೊನೆಗೆ ಪೇಪರ್‌ಗಳೇನೋ ಬಂದವು, ಆದರೆ ಒಂದೂ ಓದುವ ಹಾಗಿರಲಿಲ್ಲ. ನನ್ನದೂ ಸೇರಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾವುದೋ ಡಿಗ್ರಿ ಕಾಲೇಜಲ್ಲೋ ಪಿಜಿ ವಿಭಾಗದಲ್ಲೋ ನಿಮಗೂ ಈಗ ಆ ಕುರ್ಚಿ ಸಿಕ್ಕಿದ್ದರೆ, ಪೇಪರ್ ಕೇಳಬೇಡಿ. ಮೊದಲು ಟೈಮ್‌ಟೇಬಲ್ ತೆಗೆಯಿರಿ.

ನಿಜವಾದ ಕೊರತೆ ಇರುವುದು ಅಲ್ಲಿ. ಪಾಠ, ಇಂಟರ್ನಲ್ಸ್, ಮೌಲ್ಯಮಾಪನ, ಸ್ಕಾಲರ್‌ಶಿಪ್ ಅರ್ಜಿ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು, ನಡುವೆ ಎಲೆಕ್ಷನ್ ಡ್ಯೂಟಿ ಬೇರೆ. ಇಷ್ಟರಲ್ಲಿ ಯಾರು ಕೂತು ಯೋಚನೆ ಮಾಡುತ್ತಾರೆ? ಪಾಠದ ಗಂಟೆ ಕಡಿಮೆ ಮಾಡೋಕೆ ಆಗಲ್ಲ, ಸರಿ, ಆದರೆ ಅದನ್ನು ಒಟ್ಟು ಮಾಡೋಕೆ ಆಗುತ್ತೆ. ಸಂಶೋಧನೆ ಮಾಡ್ತೀನಿ ಅನ್ನುವವರ ಕ್ಲಾಸುಗಳನ್ನು ನಾಲ್ಕೈದು ದಿನಕ್ಕೆ ಕೂಡಿಸಿ, ಒಂದು ಮಧ್ಯಾಹ್ನ ಪೂರ್ತಿ ಬಿಡುವು ಸಿಗುವ ಹಾಗೆ ಹಾಕಿ, ಅದಕ್ಕೆ ಪ್ರಿನ್ಸಿಪಾಲರ ಸಹಿ ಮಾಡಿಸಿ ನೋಟಿಸ್ ಬೋರ್ಡಿಗೇ ಅಂಟಿಸಿ. ಸಹಿ ಇಲ್ಲದ ಬಿಡುವನ್ನು ಯಾವುದೋ ಒಂದು ಕಮಿಟಿ ಬಂದು ನುಂಗಿಬಿಡುತ್ತೆ. ಉಳಿದ ಕ್ಲಾಸನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಬೇಡಿ. ಅವರಲ್ಲೂ ಒಳ್ಳೆಯ ಸಂಶೋಧಕರಿದ್ದಾರೆ, ಅವರಿಗೂ ಒಂದು ಮಧ್ಯಾಹ್ನ ಬೇಕು.

ಇನ್ನು ವಿಷಯ ಹುಡುಕೋದು. ಬೆಂಗಳೂರಿನ ದೊಡ್ಡ ಲ್ಯಾಬುಗಳ ಜೊತೆ ಯಂತ್ರದಲ್ಲಿ ಪೈಪೋಟಿ ಮಾಡೋಕೆ ನಮ್ಮ ಕೈಲಿ ಆಗಲ್ಲ. ಆದರೆ ಬೆಂಗಳೂರು ಬಳಸಿ ಬಿಟ್ಟ ನೀರು ಬಂದು ಬೀಳುವ ಕೆರೆ ಇರೋದು ನಮ್ಮ ಹತ್ತಿರ. ಕೋರಮಂಗಲ-ಚಲ್ಲಘಟ್ಟ ಯೋಜನೆಯ ನೀರು, ನಾವೆಲ್ಲ ಕೆ.ಸಿ. ವ್ಯಾಲಿ ಅನ್ನೋದು, 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡು ಹಂತ ಶುದ್ಧ ಮಾಡಿದರೆ ಸಾಕಾ, ಮೂರನೇ ಹಂತ ಬೇಕಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಒಂದು ಕೆರೆ ಆರಿಸಿಕೊಳ್ಳಿ. ಅದರ ಸುತ್ತ 20 ಬೋರ್‌ವೆಲ್ ಗುರುತು ಮಾಡಿ. ತಿಂಗಳಿಗೊಮ್ಮೆ ಅದೇ 20 ಬೋರಿನ ನೀರನ್ನು ಕೆಮಿಸ್ಟ್ರಿಯವರು ಪರೀಕ್ಷೆ ಮಾಡಲಿ. ಎಕನಾಮಿಕ್ಸ್‌ನವರು ಅದೇ ರೈತರನ್ನು ಮೊದಲು ಏನು ಬೆಳೀತಿದ್ರಿ, ಈಗ ಏನು ಬೆಳೀತೀರಿ ಅಂತ ಕೇಳಲಿ. ಐದು ವರ್ಷ ಬಿಡದೆ ಮಾಡಿದರೆ ನಿಮ್ಮ ಕೈಯಲ್ಲಿರುವ ದಾಖಲೆ ದೊಡ್ಡ ಸಂಸ್ಥೆಗಳ ಹತ್ತಿರವೂ ಸುಲಭಕ್ಕೆ ಸಿಗಲ್ಲ. ಅವರು ಕಾರಿನಲ್ಲಿ ಎರಡು ಸಲ ಬಂದು ಸ್ಯಾಂಪಲ್ ತಗೊಂಡು ಹೋಗಬಹುದು, ಪ್ರತಿ ತಿಂಗಳು ಬರೋದು ಕಷ್ಟ. ನಿಮ್ಮ ವಿದ್ಯಾರ್ಥಿಗಳ ಮನೆ ಅಲ್ಲೇ ಇದೆ!

ಇಂಥದ್ದು ಎಷ್ಟು ಬೇಕು? ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಭೂಮಿಯನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಜಮೀನಿದ್ದವರಿಗೆ ವರ್ಷ ವರ್ಷ ಬಾಡಿಗೆ ಬರುತ್ತೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕಥೆ ಏನಾಯಿತು? ಸೋಷಿಯಾಲಜಿ ವಿಭಾಗಕ್ಕೆ ಇದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ? ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಅಲ್ಲಿನ ಎಷ್ಟೋ ಜನ ಇವತ್ತೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ತಿಪಟೂರಿನ ಕೊಬ್ಬರಿ ಹರಾಜು, ಬಾಗೇಪಲ್ಲಿ ಕಡೆಯ ನೀರಿನ ಫ್ಲೋರೈಡ್, 1938ರ ವಿದುರಾಶ್ವತ್ಥ ಗೋಲಿಬಾರ್, ಎಲ್ಲಕ್ಕೂ ಸಾಮಾನ್ಯ ಬಸ್ಸಲ್ಲೇ ಹೋಗಿ ಬರಬಹುದು.

ವಿಷಯ ಸಿಕ್ಕ ಮೇಲೆ ದೇಶದ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ ವೆಬ್‌ಸೈಟ್ ತೆರೆದು, ಅದರ ಮೇಲೆ ಯಾರು ಪಿಎಚ್‌ಡಿ ಮಾಡಿದ್ದಾರೆ ಅಂತ ನೋಡಿ. ಇಲ್ಲಿ ಒಂದು ಸಣ್ಣ ಗುಟ್ಟು. ತುಮಕೂರು ವಿವಿ ಶುರುವಾದದ್ದು 2004ರಲ್ಲಿ, ಕೋಲಾರದ ಬೆಂಗಳೂರು ಉತ್ತರ ವಿವಿ 2017ರಲ್ಲಿ. ಎರಡೂ ಬೆಂಗಳೂರು ವಿವಿಯಿಂದ ಬೇರೆಯಾಗಿ ಬಂದವು. ಹಾಗಾಗಿ ನಮ್ಮೂರಿನ ಹಳೇ ಪ್ರಬಂಧಗಳನ್ನು ಬೆಂಗಳೂರು ವಿವಿಯ ಹೆಸರಲ್ಲೂ ಹುಡುಕಿ. ಎಐಗೆ ಕೇಳಿದರೆ ಇಲ್ಲದ ಪುಸ್ತಕದ ಹೆಸರನ್ನೂ ಧೈರ್ಯವಾಗಿ ಹೇಳಿಬಿಡುತ್ತೆ. ಕಣ್ಣಲ್ಲಿ ನೋಡದ ಯಾವುದನ್ನೂ ಬರೀಬೇಡಿ. ಸರ್ಕಾರಿ ಕಾಲೇಜಾದರೆ ಇನ್ನೊಂದು ಅನುಕೂಲ ಇದೆ. 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಉಚಿತವಾಗಿ ಓದಲು ಸಿಗುತ್ತವೆ. ನಿಮ್ಮ ಕಾಲೇಜು ನೋಂದಣಿ ಆಗಿದೆಯಾ ಅಂತ ಲೈಬ್ರರಿಯನ್ ಅವರನ್ನು ಇವತ್ತೇ ಕೇಳಿ.

ಪಿಎಚ್‌ಡಿ ಮಾಡದ ಸಹೋದ್ಯೋಗಿಗಳಿದ್ದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮವನ್ನು ಅವರ ಜೊತೆ ಕೂತು ಓದಿ. ಕಾಲೇಜಿನ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಇದ್ದರೆ ಕೆಲಸದಲ್ಲಿದ್ದೇ ಪಾರ್ಟ್‌ಟೈಮ್ ಮಾಡಬಹುದು. ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6, ಅದರ ಮೇಲೆ ಮರುನೋಂದಣಿ ಮಾಡಿಸಿ 2 ವರ್ಷ. ಹೆಂಗಸರಿಗೆ ಇನ್ನೂ 2 ವರ್ಷ ಸಿಗುತ್ತೆ. ಗೈಡ್ ಸಿಗೋದೇ ಕಷ್ಟದ ಕೆಲಸ, ಯಾಕೆಂದರೆ ಕಾಯಂ ಅಧ್ಯಾಪಕರು ಮಾತ್ರ ಗೈಡ್ ಆಗಬಹುದು, ಅದರಲ್ಲೂ ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ಸೇರಿಸಿಕೊಳ್ಳೋದೇ ಇಲ್ಲ. ಅದಕ್ಕೇ ಗೈಡ್ ಹತ್ತಿರ ಹೋದಾಗ ಮೊದಲ ಪ್ರಶ್ನೆ "ಸರ್, ಜಾಗ ಖಾಲಿ ಇದೆಯಾ?" ಆಗಿರಲಿ. ವಿಷಯದ ಮಾತು ಆಮೇಲೆ.

ಈಗ ನನ್ನ ಕೈ ಸುಟ್ಟ ಕಥೆ. ಒಂದು ದಿನ ಮೇಲ್ ಬಂತು: "ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೂಲ್ಯ ಲೇಖನ ಕಳಿಸಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ." ಕಳಿಸಿದೆ, ದುಡ್ಡೂ ಕಟ್ಟಿದೆ. ಪೇಪರ್ ಬಂತು, ಅದರಲ್ಲಿ ನನ್ನ ಹೆಸರೇ ತಪ್ಪು. ಆರು ತಿಂಗಳಿಗೆ ವೆಬ್‌ಸೈಟೇ ಮಾಯ. ಮೊದಲು ನಂಬಬಹುದಾದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ಅಂತ ಒಂದು ಆಸರೆ ಇತ್ತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಜರ್ನಲ್ ಒಳ್ಳೆಯದಾ ಅಂತ ಈಗ ನಾವೇ ನೋಡಿಕೊಳ್ಳಬೇಕು. ಸಂಪಾದಕ ಮಂಡಳಿಯಲ್ಲಿ ಇರುವ ಇಬ್ಬರಿಗೆ ಮೇಲ್ ಹಾಕಿ "ನೀವು ನಿಜವಾಗಿ ಇದ್ದೀರಾ?" ಅಂತ ಕೇಳಿ. ಮೂರು ದಿನದಲ್ಲಿ ವಿಮರ್ಶೆ ಮುಗಿಸುತ್ತೇವೆ ಎನ್ನುವವರನ್ನು ಅಲ್ಲೇ ಬಿಡಿ. ಇನ್ನೊಂದು ವಿಷಯ: ಪಿಎಚ್‌ಡಿ ಪ್ರಬಂಧ ಕೊಡೋಕೆ ಮುಂಚೆ ಪೇಪರ್ ಪ್ರಕಟ ಆಗಿರಲೇಬೇಕು ಅನ್ನುವ ಷರತ್ತನ್ನು ಯುಜಿಸಿ 2022ರಲ್ಲೇ ತೆಗೆದಿದೆ. ನಿಮ್ಮ ವಿವಿಯ ಸ್ವಂತ ನಿಯಮ ಏನಿದೆ ಅಂತ ಪಿಎಚ್‌ಡಿ ಸೆಕ್ಷನ್‌ನಲ್ಲಿ ವಿಚಾರಿಸಿ. ಸುಮ್ನೆ ಹೆದರಿ ದುಡ್ಡು ಕಟ್ಟಬೇಡಿ.

ದುಡ್ಡಿಗೆ ವಿಜ್ಞಾನದವರು ರಾಜ್ಯದ ವಿಜಿಎಸ್‌ಟಿ (ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್), ಸಮಾಜ ವಿಜ್ಞಾನದವರು ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಅನುದಾನದ ಪ್ರಕಟಣೆ ನೋಡುತ್ತಿರಿ. ಸಿಕ್ಕ ದಿನವೇ ಬಿಲ್ಲುಗಳಿಗೆ ಒಂದು ಫೈಲ್ ಮಾಡಿ, ಯುಸಿ (ಅನುದಾನ ಖರ್ಚಾದ ಲೆಕ್ಕದ ಪತ್ರ) ಬರೆಯುವ ಹೊತ್ತಿಗೆ ಹುಡುಕಾಡೋದು ತಪ್ಪುತ್ತೆ.

ವಿದ್ಯಾರ್ಥಿಗಳ ವಿಷಯ ಸ್ವಲ್ಪ ಬೇಜಾರಿನದು. 2021ರಲ್ಲಿ ರಾಜ್ಯಕ್ಕೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ನಾಲ್ಕನೇ ವರ್ಷದಲ್ಲಿ ಸಂಶೋಧನೆ ಮಾಡಿಸಬಹುದು ಅಂತ ಆಸೆಪಟ್ಟಿದ್ದೆವು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಹೋಯಿತು. ಅದು ಸರಿಯೋ ತಪ್ಪೋ, ಸ್ಟಾಫ್ ರೂಮಿನಲ್ಲಿ ಜಗಳ ಆಡೋಣ. ಅಲ್ಲಿವರೆಗೂ ಎರಡನೇ ವರ್ಷದ ಮಕ್ಕಳನ್ನೇ ಕರ್ಕೊಂಡು ಹೊರಡಿ.

ಮುಂದಿನ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಒಂದು ಟೆಂಪೋ ಹೇಳಿ. 20 ಬಾಟಲಿ, ಒಂದು ನೋಟ್‌ಬುಕ್, ಮಕ್ಕಳಿಗೆ ಬನ್ನು ಬಾಳೆಹಣ್ಣು. ಲೇಬಲನ್ನು ಇಂಕ್ ಪೆನ್ನಲ್ಲಿ ಬರೀಬೇಡಿ, ನೀರು ತಾಗಿ ಅಳಿಸಿ ಹೋಗುತ್ತೆ. ಪೆನ್ಸಿಲ್‌ನಲ್ಲಿ ಬರೆದು ಮೇಲೆ ಟೇಪ್ ಹಾಕಿ. ಮೋಟಾರು ಹಾಕಿದ ತಕ್ಷಣ ಬರುವ ನೀರನ್ನೂ ಹಿಡೀಬೇಡಿ, ಐದು ಹತ್ತು ನಿಮಿಷ ಹರಿಯೋಕೆ ಬಿಡಿ. ಕರೆಂಟ್ ಎಷ್ಟು ಗಂಟೆಗೆ ಬರುತ್ತೆ ಅಂತ ತೋಟದವರನ್ನು ಹಿಂದಿನ ದಿನವೇ ಕೇಳಿಕೊಂಡಿರಿ.